ಎದುರು ಕೂತವಳ ಎಂಟು ತಂತಿ

"ಗುರುಗಳೇ, ಮನೆಯಲ್ಲಿ ಕಟ್ಟಿದ ಕಂಪ್ಯೂಟರಿಗೆ ನಮ್ಮ ಆಪರೇಟಿಂಗ್ ಸಿಸ್ಟಂ ಹೊಂದಿಸಿ ಕೊಡುವುದರಲ್ಲಿ ಅರ್ಥವಿದೆಯೇ?" ಎಂದು ಶಂಭುಲಿಂಗ ಕೇಳಿದ. ಅವನ ಕೈಯಲ್ಲೊಂದು ಕಾಗದವಿತ್ತು. ದೂರದ ಊರಿನವರೊಬ್ಬರು ತಾವೇ ಒಂದು ಕಂಪ್ಯೂಟರ್ ಕಟ್ಟಿದ್ದರು. ಅದನ್ನು ನಡೆಸುವ ಸಿಸ್ಟಂ ಹೊಂದಿಸಿ ಕೊಡಿ ಎಂದು ಬರೆದಿದ್ದರು. "ಇಂಥ ಯಂತ್ರ ಒಂದೊಂದೂ ಒಂದೊಂದು ಥರ. ಒಂದಕ್ಕೆ ಮಾಡಿದ ಕೆಲಸ ಇನ್ನೊಂದಕ್ಕೆ ಬಾರದು. ತಿಂಗಳುಗಟ್ಟಲೆ ಶ್ರಮ ಮಣ್ಣುಪಾಲು. ಅಂಗಡಿಯದನ್ನೇ ಕೊಳ್ಳಿ ಎಂದು ಬರೆದುಬಿಡಲೇ?"

ಗುರುಗಳು ನಕ್ಕರು. "ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಬರೆಯುವೆಯಂತೆ, ಮೊದಲು ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೇಡಿಯೋ ರಿಪೇರಿಯವನಿದ್ದ. ಹಳೆಯ ಬಿಡಿಭಾಗಗಳನ್ನು ಕೂಡಿಹಾಕಿ ಒಂದು ಕಂಪ್ಯೂಟರ್ ಕಟ್ಟುವ ಹುಚ್ಚು ಅವನಿಗೆ. ಮುಕ್ಕಾಲು ಕೆಲಸ ಮುಗಿಯುವ ಹೊತ್ತಿಗೆ ಕಣ್ಣು ಮಂಜಾಯಿತು. ಆಗ ಅವನ ಹೆಂಡತಿ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ನು ಕೈಗೆತ್ತಿಕೊಂಡಳು. ಅದುವರೆಗೆ ಅವಳು ಹಿಡಿದದ್ದು ಸೌಟು, ಸೂಜಿ. ಬೆರಳು ಸುಟ್ಟುಕೊಂಡಳು, ಗಂಡನನ್ನು ಬೈದಳು, ಕಲಿತಳು.

ಇಬ್ಬರೂ ಒಂದೇ ಮೇಜಿಗೆ ಎದುರುಬದುರು ಕೂರುತ್ತಿದ್ದರು. ಅವನು ಬೋರ್ಡನ್ನು ಅಲುಗದಂತೆ ಹಿಡಿಯುವನು, ಅವಳು ಬೆಸೆಯುವಳು. ಕೊನೆಗೆ ಉಳಿದದ್ದು ಡಿಸ್ಕಿಗೆ ಹೋಗುವ ಎಂಟು ತಂತಿ. ಅವನು ತನ್ನ ಎಡಗೈ ಕಡೆಯಿಂದ ಎಣಿಸುವವನು. ಎದುರು ಕೂತವಳು ತನ್ನ ಎಡಗೈ ಕಡೆಯಿಂದ ಎಣಿಸಿ ಎಂಟನ್ನೂ ಬೆಸೆದಳು. ಇಬ್ಬರಿಗೂ ಆಗ ಇದು ಹೊಳೆಯಲಿಲ್ಲ.

ಸಿಸ್ಟಂ ಹೊಂದಿಸಲು ಪ್ರೋಗ್ರಾಂ ಬರೆಯುವ ಒಬ್ಬ ಹೆಣ್ಣುಮಗಳು ಭಾನುವಾರಗಳಂದು ಬರತೊಡಗಿದಳು. ಎರಡನೆಯ ವಾರಕ್ಕೆ ತಪ್ಪು ಸಿಕ್ಕಿತು. ಡಿಸ್ಕಿನಿಂದ ಪ್ರತಿ ಅಕ್ಷರವೂ ಎಂಟು ತುಣುಕಾಗಿ ತಂತಿಗೊಂದರಂತೆ ಬರಬೇಕು; ಇಲ್ಲಿ ಒಂದನೆಯದು ಎಂಟನೆಯದಾಗಿ, ಎಲ್ಲವೂ ಹಿಂದುಮುಂದಾಗಿ ಬರುತ್ತಿತ್ತು.

"ಈ ಎಂಟು ತಂತಿ ಕಿತ್ತು ತಿರುಗಿಸಿ ಬೆಸೆದರೆ ಇನ್ನೆರಡು ಭಾನುವಾರ ಸಾಕು, ಯಜಮಾನ್ರೇ. ತಂತಿ ಹೀಗೇ ಇರಲಿ ಅಂದ್ರೆ, ಒಂದೊಂದು ಅಕ್ಷರವನ್ನೂ ತಿರುಗಿಸಿ ಓದೋದನ್ನ ಸಿಸ್ಟಮ್ಮಿಗೆ ಕಲಿಸಬೇಕು. ಇದರ ಮೆಮೊರಿಯೋ ಅಂಗೈಯಗಲ. ಅಷ್ಟು ಜಾಗ ಮಾಡೋಕೆ ಮಿಕ್ಕಿದ್ದನ್ನೆಲ್ಲ ಚಿಕ್ಕದು ಮಾಡಿ ಬರೀಬೇಕು. ಆರು ತಿಂಗಳು ಹಿಡಿಯುತ್ತೆ. ಆಮೇಲೂ ನಿಧಾನವೇ" ಎಂದಳು.

ದೃಷ್ಟಿ ಉಳಿಯುವುದು ಇನ್ನು ಮೂರೇ ತಿಂಗಳು ಎಂದು ಕಣ್ಣಿನ ಡಾಕ್ಟರು ಅವನಿಗೆ ಹೇಳಿದ್ದರು. ತಾನು ಕಟ್ಟಿದ ಯಂತ್ರದ ತೆರೆಯ ಮೇಲೆ ಒಂದಕ್ಷರ ಮೂಡುವುದನ್ನು ಕಣ್ಣಾರೆ ನೋಡಬೇಕೆಂದು ಅವನು ಹನ್ನೊಂದು ವರ್ಷದಿಂದ ಕಾದಿದ್ದ.

ಹೆಂಡತಿಯ ಮುಖ ಬಾಡಿತು. "ಕಿತ್ತು ಹಾಕಮ್ಮ. ನನ್ನ ಎಡವಟ್ಟಿಗೆ ಇವರು ಯಾಕೆ ಕಾಯಬೇಕು?"

ಅವನು ಬೋರ್ಡಿನ ಮೇಲೆ ಬೆರಳಾಡಿಸಿ ಆ ಎಂಟು ಬೆಸುಗೆಗಳನ್ನು ಹುಡುಕಿಕೊಂಡ. ಕಲಿಯುವವರ ಕೈಯ ದಪ್ಪ ದಪ್ಪ ಬೆಸುಗೆಗಳು. "ಇನ್ನು ಮೇಲೆ ನಾನು ಈ ಯಂತ್ರವನ್ನ ಬೆರಳಲ್ಲೇ ನೋಡಬೇಕು. ಆಗ ಇವಳ ಬೆಸುಗೆ ನನ್ನ ಕೈಗೆ ಸಿಗಬೇಕು. ನಿಧಾನವಾದರೆ ಆಗಲಿ ಬಿಡಮ್ಮ" ಎಂದ.

ಆ ಹೆಣ್ಣುಮಗಳು ತಂತಿ ಮುಟ್ಟಲಿಲ್ಲ. ಹೊಸ ಸೊಸೆ ಅತ್ತೆಮನೆಯಲ್ಲಿ ಉಪ್ಪೆಲ್ಲಿ, ಬೆಲ್ಲವೆಲ್ಲಿ ಎಂದು ತಿಳಿದುಕೊಳ್ಳುವ ಹಾಗೆ ಸಿಸ್ಟಂ ಆ ಯಂತ್ರದ ರೀತಿಯನ್ನು ಕಲಿಯಿತು. ಆರು ತಿಂಗಳೆಂದದ್ದು ಏಳಾಯಿತು. ಅವಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಪಾಪ, ಒಂದು ದಿನವೂ ಗೊಣಗಲಿಲ್ಲ.

ಯಂತ್ರ ಓಡಿದ ದಿನ ಅವನಿಗೆ ಏನೂ ಕಾಣುತ್ತಿರಲಿಲ್ಲ. ಹೆಂಡತಿ ಈ ಸಲ ಪಕ್ಕದಲ್ಲಿ ಕೂತಳು. ತಾನು ಡಿಸ್ಕಿನಲ್ಲಿ ಬರೆಸಿಟ್ಟಿದ್ದ ಒಂದು ಪದವನ್ನು ತೆರೆಗೆ ತರಿಸಲು ಅವನು ಕೀ ಒತ್ತಿದ. ತೆರೆ ಖಾಲಿಯೇ ಇತ್ತು.

"ಏನೂ ಬರಲಿಲ್ಲ ಕಣ್ರೀ" ಎಂದು ಅವಳು ಗಾಬರಿಯಾದಳು.

ಅವನ ಇನ್ನೊಂದು ಕೈ ಆ ಎಂಟು ಬೆಸುಗೆಗಳ ಮೇಲಿತ್ತು. "ತಾಳೇ. ಅದೀಗ ನಿನ್ನ ಕಡೆಯಿಂದ ಎಣಿಸ್ತಾ ಇದೆ."

ಅಕ್ಷರಗಳು ಒಂದೊಂದಾಗಿ ಮೂಡಿದವು. ಅದು ಅವಳದೇ ಹೆಸರು. ಅವಳು ಬೆಸುಗೆಗಳ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಹೆಸರು ಮೂಡಿತೆಂದು ಅವನಿಗೆ ತಿಳಿಯಿತು, ನಕ್ಕ.

ಕತೆ ಮುಗಿಯಿತು. ಶಂಭುಲಿಂಗನಿಗೆ ಸಮಾಧಾನವಾಗಲಿಲ್ಲ. "ಎಂಟು ತಂತಿಗಾಗಿ ಆ ಮನುಷ್ಯ ಹನ್ನೊಂದು ವರ್ಷದ ಆಸೆಯನ್ನೇ ಬಿಟ್ಟುಕೊಟ್ಟನಲ್ಲ, ಗುರುಗಳೇ! ಪ್ರೋಗ್ರಾಂ ಬರೆದ ಆ ತಾಯಿಯ ಏಳು ತಿಂಗಳೂ ಹೋಯಿತು. ಇಷ್ಟೊಂದು ಬೆಲೆಯೇ?"

ಗುರುಗಳು ಅವನ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು, ಸುಕ್ಕು ನೇವರಿಸಿ, ಮತ್ತೆ ಅವನ ಕೈಗೇ ಇಟ್ಟರು.

"ಇದನ್ನು ಕಟ್ಟುವಾಗ ಎದುರು ಕೂತಿದ್ದವರು ಯಾರು ಎಂದು ಅವರನ್ನು ಕೇಳಿದೆಯಾ, ಶಂಭು?"