ಮಾರುವ ಕೋಳಿ, ಮನೆಯ ಕೋಳಿ

"ಗುರುಗಳೇ, ತಿಳಿಯದೆ ಮಾಡಿದ ತಪ್ಪಿಗೂ ಪಾಪ ಅಂಟುತ್ತದೆಯೇ?" ಎಂದು ಶಿಷ್ಯನೊಬ್ಬ ಕೇಳಿದ. ಪೇಟೆಯಲ್ಲಿ ಅವನಿಗೆ ಕೋಳಿಯ ಆಹಾರ, ಔಷಧಿ ಮಾರುವ ಅಂಗಡಿ ಇತ್ತು.

ಗುರುಗಳಿಗೆ ಸಿಟ್ಟು ಬೇಗ ಬರುತ್ತಿತ್ತು, ಆಗಲೂ ಬಂತು. ಆದರೂ ಬೈಯದೆ ಕತೆ ಹೇಳಿದರು.

ಒಬ್ಬ ರೈತನಿದ್ದ. ಎರಡು ಸಾವಿರ ಕೋಳಿ ಸಾಕಿದ್ದ. ಶೆಡ್ಡಿನ ನೆಲಕ್ಕೆ ಭತ್ತದ ಹೊಟ್ಟು ಹರಡುವುದು, ಮರಿ ಬಿಡುವುದು, ನಲವತ್ತು ದಿನಕ್ಕೆ ತೂಗಿ ಕೊಡುವುದು ಅವನ ಕಸುಬು. ಕೋಳಿಗೆ ರೋಗ ಬಂದಾಗ ಔಷಧಿ ಕೊಡುವುದು ಧರ್ಮ. ಇವನು ರೋಗ ಬರುವ ಮೊದಲೇ ಕೊಡುತ್ತಿದ್ದ. ಜ್ವರ ಬಂದ ಮನುಷ್ಯರಿಗೆ ಡಾಕ್ಟರು ಬರೆದುಕೊಡುವ ಜಾತಿಯ ಔಷಧಿಯನ್ನೇ ದಿನವೂ ಕೋಳಿಯ ನೀರಿಗೆ ಕದಡುತ್ತಿದ್ದ. ಮರಿ ಸಾಯುವುದಿಲ್ಲ, ಬೇಗ ಮೈ ತುಂಬಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರು. ಚೆನ್ನಾಗಿರುವ ಕೋಳಿಗೆ ಔಷಧಿ ಏಕೆ ಎಂದು ಅವನೂ ಕೇಳಲಿಲ್ಲ, ಮಾರಿದವನೂ ಹೇಳಲಿಲ್ಲ.

ಕೋಳಿಯ ಕರುಳಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವೆ. ದಿನವೂ ಔಷಧಿ ಬಿದ್ದರೆ ಬಡಪಾಯಿ ಕ್ರಿಮಿಗಳು ಸಾಯುತ್ತವೆ, ಗಟ್ಟಿಗ ಕ್ರಿಮಿಗಳು ಉಳಿಯುತ್ತವೆ. ಉಳಿದವು ತಮ್ಮಂಥವನ್ನೇ ಹುಟ್ಟಿಸುತ್ತವೆ. ಕೆಲವೇ ದಿನಗಳಲ್ಲಿ ಆ ಕರುಳೆಲ್ಲ ಔಷಧಿಗೆ ಜಗ್ಗದ ಕ್ರಿಮಿಗಳದೇ ಆಗುತ್ತದೆ. ಕೋಳಿ ಮಾತ್ರ ನೋಡುವವರಿಗೆ ಗುಂಡುಗುಂಡಾಗಿಯೇ ಕಾಣುತ್ತದೆ.

ರೈತನ ಹಿತ್ತಲಲ್ಲಿ ಬೇರೆ ಹತ್ತು ನಾಟಿ ಕೋಳಿಗಳಿದ್ದವು. ಅವಕ್ಕೆ ರಾಗಿ, ಜೋಳ, ಬಾವಿಯ ಬರೀ ನೀರು. ಶೆಡ್ಡಿನ ಕೋಳಿ ಅವನ ಮನೆಯ ಒಲೆಯನ್ನು ಕಂಡದ್ದೇ ಇಲ್ಲ. ಆ ನೀರು ಕುಡಿದದ್ದು ನಮಗೆ ಬೇಡ ಎಂದು ಹೆಂಡತಿಗೆ ಕಟ್ಟುನಿಟ್ಟಾಗಿ ಹೇಳಿದ್ದ. ಅವನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಬಾಣಂತಿಯ ಸಾರಿಗೆ ಬೇಕಾಗುತ್ತದೆ ಎಂದು ಅವನು ಆ ಹತ್ತರಲ್ಲಿ ಒಂದನ್ನೂ ಯಾರಿಗೂ ಮುಟ್ಟಗೊಡಲಿಲ್ಲ.

ಒಂದು ದಿನ ಪಕ್ಕದ ಊರಿನ ಮುದುಕಿಯೊಬ್ಬಳು ಬಂದಳು. ಅವಳ ಮೊಮ್ಮಗಳೂ ಬಾಣಂತಿ.

"ಹಿತ್ತಲಲ್ಲಿ ಮೇಯ್ತಾವಲ್ಲ, ಅದರಲ್ಲೊಂದು ಕೊಡಪ್ಪ," ಎಂದಳು.

"ಅವು ಮಾರೋಕಲ್ಲ ಅಜ್ಜಿ. ಯಾವುದಾದರೇನು, ಕೋಳಿ ಕೋಳೀನೇ. ನಾವೂ ಇದನ್ನೇ ತಿನ್ನೋದು," ಎಂದು ರೈತ ಶೆಡ್ಡಿನ ಕೋಳಿಯೊಂದರ ಕಾಲು ಕಟ್ಟಿ ಕೈಗಿಟ್ಟ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಎಂದರೆ ಇದೇ. ಬಾಣಂತಿಯ ಹೆಸರು ಹೇಳಿ ಬಂದವಳಿಗೆ ಸುಳ್ಳು ಹೇಳಲು ನಾಲಿಗೆಯಾದರೂ ಹೇಗೆ ಹೊರಳಿತು? ಮುದುಕಿ, ಪಾಪ, ನಿನ್ನ ಮನೆ ತಣ್ಣಗಿರಲಿ ಎಂದು ಹರಸಿ ಹೋದಳು. ಹರಕೆಯನ್ನೂ ಅವನು ನಾಚಿಕೆಯಿಲ್ಲದೆ ತೆಗೆದುಕೊಂಡ.

ಶೆಡ್ಡಿನ ಹೊಟ್ಟು ಕೋಳಿಯ ಹಿಕ್ಕೆಯೊಡನೆ ಬೆರೆತು ಗೊಬ್ಬರವಾಗುತ್ತದೆ. ರೈತ ಅದನ್ನು ಊರವರ ತೋಟಗಳಿಗೆ ಕೊಟ್ಟ. ಉಳಿದದ್ದನ್ನು ತನ್ನ ಹಿತ್ತಲಿನ ಸಬ್ಬಸಿಗೆ ಮಡಿಗೆ ಹರಡಿದ. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಒಳ್ಳೆಯದಲ್ಲವೇ? ನಾಟಿ ಕೋಳಿಗಳು ಆ ಮಡಿಯನ್ನೇ ಕೆದಕಿ ಮೇಯ್ದವು. ಗೊಬ್ಬರ ಹರಡಿದ ಕೈಯಲ್ಲೇ ಅವನು ಬಾವಿಯ ಹಗ್ಗ ಹಿಡಿದ, ಮಗಳಿಗೆ ನೀರು ಸೇದಿ ಕೊಟ್ಟ.

ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಮೂರನೆಯ ದಿನ ಬಾಣಂತಿಗೆ ಜ್ವರ ಬಂತು. ಒಂದು ಔಷಧಿ ಕೊಟ್ಟರು, ಇಳಿಯಲಿಲ್ಲ. ಬದಲಾಯಿಸಿದರು, ಇಳಿಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ರೈತನನ್ನು ಕರೆದರು. ಅವಳ ಕರುಳಿನಲ್ಲಿದ್ದ ಕ್ರಿಮಿಯೇ ರಕ್ತಕ್ಕೆ ಸೇರಿದೆ, ತಮ್ಮಲ್ಲಿರುವ ಯಾವ ಔಷಧಿಗೂ ಅದು ಜಗ್ಗುತ್ತಿಲ್ಲ ಎಂದರು. ಇಂಥ ಕ್ರಿಮಿ ಎಲ್ಲಿಂದ ಬಂತೆಂದು ಖಂಡಿತವಾಗಿ ಹೇಳಲಾಗದು, ಔಷಧಿ ಹಾಕಿ ಸಾಕಿದ ಕೋಳಿಯಿಂದಲೂ ಬರಬಹುದು, ಮನೆಯಲ್ಲಿ ಕೋಳಿ ಇವೆಯೇ ಎಂದು ಕೇಳಿದರು.

"ಮಾರೋ ಕೋಳೀನ ನಮ್ಮನೇಲಿ ಯಾರೂ ತಿನ್ನಲ್ಲ ಮೇಡಂ. ನನ್ನ ಮಗಳಂತೂ ಒಂದು ಚೂರೂ ಬಾಯಿಗಿಟ್ಟಿಲ್ಲ," ಎಂದ ರೈತ.

"ತಿನ್ನಲೇಬೇಕು ಅಂತೇನಿಲ್ಲ. ಗೊಬ್ಬರ, ನೀರು, ಸೊಪ್ಪು, ಕೈ, ಯಾವುದರಿಂದ ಬೇಕಾದರೂ ಬರುತ್ತೆ," ಎಂದರು ಡಾಕ್ಟರಮ್ಮ.

ರೈತನಿಗೆ ಸಬ್ಬಸಿಗೆ ಮಡಿ ಕಣ್ಣ ಮುಂದೆ ಬಂತು.

ಎಂಟನೆಯ ದಿನ ಮಗಳು ತೀರಿಕೊಂಡಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇದು ಎಲ್ಲಿಯ ನ್ಯಾಯ? ಮಾಡಿದವನು ಅಪ್ಪ, ಉಂಡವಳು ಮಗಳು. ಎಂಟು ದಿನದ ಕೂಸು ತಬ್ಬಲಿಯಾಯಿತು. ಆ ಮುದುಕಿಯ ಮೊಮ್ಮಗಳು ಏನಾದಳೆಂದು ಅವನು ವಿಚಾರಿಸಲೂ ಇಲ್ಲ. ಸಾವಿನ ಮನೆಗೆ ಬಂದವರ ಮುಂದೆಲ್ಲ ಒಂದೇ ಮಾತು ಹೇಳಿಕೊಂಡು ಅತ್ತ: ತನಗೆ ಏನೂ ತಿಳಿದಿರಲಿಲ್ಲ ಎಂದು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡ. ರೈತನನ್ನು ಬೈದು ಫಲವೇನು, ಪಾಪ, ನಿಜವಾಗಿಯೂ ತಿಳಿದಿರಲಿಲ್ಲ, ತಿಳಿಯದವನನ್ನು ಕ್ಷಮಿಸಬೇಕಲ್ಲವೇ ಎಂದ.

ಗುರುಗಳು ಹೇಳಿದರು: "ತಿಳಿಯದವನು ಮಗಳಿಗೆಂದು ಬೇರೆ ಕೋಳಿ ಏಕೆ ಕಾದಿಟ್ಟ?"