ಸೂಲಗಿತ್ತಿಯ ಮಗ ಕೇಳಿದ ವರ

ಯವನ ಸಮುದ್ರದ ನಡುವಿನ ಒಂದು ದ್ವೀಪದಲ್ಲಿ ರಾಜ ಥಿಯೋಕ್ಲೆಸನ ಡಂಗುರ ಹೀಗೆ ಸಾರಿತು: “ರಾಜಕುಮಾರಿ ಅರಿಸ್ತೋ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಕೇಳಿದ ಒಂದು ವರ. ಬೇಕಾದರೆ ಅವಳನ್ನೇ ಮದುವೆಯಾಗಬಹುದು. ಒಂದು ತಪ್ಪಿದರೂ ಬಂಡೆಯ ತುದಿಯಿಂದ ಸಮುದ್ರಕ್ಕೆ!”

ಒಗಟು ಮಗಳದು, ಬಂಡೆ ಅಪ್ಪನದು. ಅವನ್ನು ಯಾರಾದರೂ ಬಿಡಿಸುವ ತನಕ ಮದುವೆಯ ಮಾತೆತ್ತುವುದಿಲ್ಲ ಎಂದು ಅವನು ದೇವರೆದುರು ಮಾತು ಕೊಟ್ಟಿದ್ದ. ತಾಯಿ ಹೆರಿಗೆ ಕೋಣೆಯಿಂದ ಹೆಣವಾಗಿ ಹೊರಬಂದದ್ದನ್ನು ಕಂಡು ಮದುವೆಗೇ ಹೆದರಿದ್ದ ಹುಡುಗಿಗೆ ಅಷ್ಟು ಸಾಕಾಗಿತ್ತು.

ಬತ್ತೋಸ್ ಸಾಲಿನ ಕೊನೆಗೆ ನಿಂತಿದ್ದ. ಅವನಿಗೆ ಮದುವೆ ಬೇಕಿರಲಿಲ್ಲ. ಸೂಲಗಿತ್ತಿ ಮೆಲಿತ್ತೆಯ ಮಗ ಅವನು. ಹೆರಿಗೆ ಕುರ್ಚಿಯನ್ನು ಬೆನ್ನ ಮೇಲೆ ಹೊತ್ತು ಮನೆ ಮನೆಗೆ ಒಯ್ದು, ಹೊಸ್ತಿಲಲ್ಲಿಟ್ಟು, ಮಗು ಅಳುವ ತನಕ ಹೊರಗೆ ಗೋಡೆಗೆ ಮುಖ ಮಾಡಿ ಕೂರುವುದು ಅವನ ಕೆಲಸ. ರಾಣಿಯನ್ನು ಕೊಂದವಳೆಂದು ಅವನ ತಾಯಿ ಸೆರೆಯಲ್ಲಿದ್ದಳು. ಬರುವ ಅಮಾವಾಸ್ಯೆಗೆ ಅವಳಿಗೂ ಅದೇ ಬಂಡೆ.

ಅರಿಸ್ತೋ ಮೊದಲ ಒಗಟು ಹೇಳಿದಳು. “ಇವಳು ಮನೆಯ ಗಂಟುಗಳನ್ನೆಲ್ಲ ಬಿಚ್ಚಿಸುತ್ತಾಳೆ, ಬಾಗಿಲಿಗೆ ರಾಳ ಬಳಿಸುತ್ತಾಳೆ, ಅತಿಥಿಗಾಗಿ ಕಾಯುತ್ತಾಳೆ. ಅತಿಥಿ ಮಾತ್ರ ಆಗಲೇ ಮನೆಯೊಳಗಿದ್ದಾನೆ. ಯಾರಿವಳು?”

“ಇದೇನು ಮಹಾ!” ಎಂದ ಹಡಗಿನ ವ್ಯಾಪಾರಿ. “ಗಂಟು ಅಂದ್ರೆ ಹಗ್ಗ, ರಾಳ ಬಳಿಯೋದು ಹಡಗಿಗೆ. ಹೊರಟು ನಿಂತ ಹಡಗು!” ಅವನನ್ನು ಬಂಡೆಯ ಕಡೆ ಕರೆದೊಯ್ದರು. ಆಮೇಲೆ ಬಂದ ಪಂಡಿತ ಗಡ್ಡ ನೀವಿಕೊಂಡು, “ಸಾವಿಗೆ ಕಾದಿರುವ ಮುದುಕಿ” ಎಂದ. ಬಹಳ ಆಳವಾದ ಉತ್ತರ. ಅವನೂ ಹೋದ.

“ಕುರ್ಚಿ ಹೊರೋನು ಬಂದ ನೋಡ್ರೋ!” ಎಂದು ಯಾರೋ ನಕ್ಕರು.

ಬತ್ತೋಸ್ ಮುಂದೆ ಬಂದ. “ಎಪಿತೋಕೋಸ್,” ಎಂದ. “ದಿನ ತುಂಬಿದವಳು. ಗಂಟು ಉಳಿದ್ರೆ ಹೆರಿಗೆ ಕಟ್ಟುತ್ತೆ ಅಂತಾರೆ. ಹೊರಗೆ ಕೂತ ನನ್ನ ಚಪ್ಪಲಿ ದಾರಾನೂ ಬಿಚ್ಚಿಸ್ತಾರೆ. ರಾಳ ಬಳಿಯೋದು, ಕೆಟ್ಟ ಗಾಳಿ ಒಳಗೆ ಬರದಿರಲಿ ಅಂತ.”

ನಗು ನಿಂತಿತು. ಅರಿಸ್ತೋಳ ಮುಖದಲ್ಲಿ ಸಂತೋಷವಿರಲಿಲ್ಲ. “ಇವಳು ಯುದ್ಧಕ್ಕಿಳಿದಿದ್ದಾಳೆ, ಕೈಯಲ್ಲಿ ಕತ್ತಿಯಿಲ್ಲ. ಶತ್ರು ಬಂದು ಬಂದು ಹೋಗುತ್ತಾನೆ. ಅವನು ಬರುವುದು ನಿಂತರೆ ಇವಳು ಸೋತಂತೆ.”

“ಓದಿನೂಸಾ. ಹೆರಿಗೆ ಬೇನೆ ತಿನ್ನುತ್ತಿರುವವಳು. ನೋವು ನಿಂತುಹೋದ್ರೆ ಒಳಗೆ ನಮ್ಮಮ್ಮನ ದನಿ ಬದಲಾಗುತ್ತೆ. ಕಿರುಚಾಟಕ್ಕೆ ನಾನು ಹೆದರಲ್ಲ ತಾಯಿ, ಅದಕ್ಕೆ ಹೆದರ್ತೀನಿ.”

ಅವಳು ತಡೆತಡೆದು ಮೂರನೆಯದನ್ನು ಹೇಳಿದಳು. “ಯುದ್ಧ ಮುಗಿದಿದೆ. ಗೆದ್ದವಳು ಮಲಗಿದ್ದಾಳೆ. ಅವಳನ್ನು ಮುಟ್ಟಿದವರು ಗುಡಿಗೆ ಹೋಗುವಂತಿಲ್ಲ. ಅದಕ್ಕೇ ಯಾರೂ ಮುಟ್ಟುವುದಿಲ್ಲ.”

“ಹೆಣ! ಹೆಣ ಅನ್ನೋ!” ಎಂದು ಜನರ ನಡುವಿನಿಂದ ಒಬ್ಬ ಕೂಗಿದ.

“ಹೆಣ ಅಲ್ಲ,” ಎಂದ ಬತ್ತೋಸ್. “ಹೆಣ ಆಗೋ ತನಕ ಬಿಟ್ರು, ಅಷ್ಟೆ. ಲೆಖೋ. ಹೆತ್ತು ಹಾಸಿಗೆ ಹಿಡಿದವಳು, ಬಾಣಂತಿ.”

ರಾಜ ಎದ್ದು ನಿಂತ. “ಯಾರ ವಿಷಯ ಹೇಳುತ್ತಿದ್ದೀಯ?”

“ರಾಣಿಯವರ ವಿಷಯ, ದೊರೆ. ಅವರು ಸತ್ತಾಗ ಓದಿನೂಸಾ ಆಗಿರಲಿಲ್ಲ, ಲೆಖೋ ಆಗಿದ್ರು. ಉಸಿರಿಲ್ಲದ ಮಗುವಾದರೂ ಹೆರಿಗೆ ಮುಗಿದಿತ್ತು. ಯಜ್ಞ ಇದೆ, ಮೈಲಿಗೆ ಆಗಬಾರದು ಅಂತ ಕೋಣೆ ಮುಚ್ಚಿಸಿದ್ರಿ. ಅಮ್ಮನನ್ನೂ ಹೊರಗೆ ಕಳಿಸಿದ್ರಿ. ಮೂರು ದಿನ ಜ್ವರ. ನೀರು ಕೊಡೋಕೂ ಯಾರೂ ಹೋಗಲಿಲ್ಲ.”

ರಾಜನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಅವನು ಕೂತುಕೊಂಡ. “ಯಜ್ಞ ಚೆನ್ನಾಗಿಯೇ ನಡೆಯಿತು,” ಎಂದ, ತನ್ನಷ್ಟಕ್ಕೆ. ಆಮೇಲೆ ಬತ್ತೋಸನ ಕಡೆ ತಿರುಗಿ, “ವರ ಕೇಳು.”

ಅರಿಸ್ತೋ ಬತ್ತೋಸನನ್ನೇ ನೋಡುತ್ತಿದ್ದಳು. ಆ ಮೂರು ಹೆಸರು ಗೊತ್ತಿದ್ದ ಗಂಡಸು ದ್ವೀಪದಲ್ಲಿ ಇವನೊಬ್ಬನೇ. ಇವನು ತನ್ನನ್ನು ಕೇಳಿದರೆ ಬಾಗಿಲು ಮುಚ್ಚಿಸುವವನಲ್ಲ. ಕೇಳದಿದ್ದರೆ, ಒಗಟು ಬಿಡಿಸಿಯಾಯಿತು, ಅಪ್ಪನ ಮಾತೂ ತೀರಿತು; ಇನ್ನು ಅವನು ಅವಳನ್ನು ಯಾರಿಗೆ ಬೇಕಾದರೂ ಕೊಡಬಹುದು. ಬತ್ತೋಸನಿಗೂ ಅದು ಆಗಷ್ಟೇ ಹೊಳೆದದ್ದು, ಉತ್ತರ ಹೇಳಿ ಮುಗಿದ ಮೇಲೆ.

“ನಮ್ಮಮ್ಮನನ್ನು ಬಿಡಿ,” ಎಂದ.

“ಬಿಟ್ಟಿದ್ದೇನೆ,” ಎಂದ ರಾಜ. ಆಮೇಲೆ ಮಂತ್ರಿಯ ಕಡೆ ತಿರುಗಿ, “ಆಚೆ ದ್ವೀಪದ ದಳಪತಿಗೆ ಹೇಳಿ ಕಳಿಸು. ಕೊಯ್ಲಿಗೆ ಮುಂಚೆ ಮದುವೆ.”

ಅರಿಸ್ತೋ ಅಳಲಿಲ್ಲ. ಬತ್ತೋಸನ ಪಕ್ಕದಲ್ಲಿ ಹಾದುಹೋಗುವಾಗ, “ಉತ್ತರ ಸರಿಯಾಗಿತ್ತು,” ಎಂದಳಷ್ಟೆ.

ಮೆಲಿತ್ತೆಯನ್ನು ಹೊರಗೆ ತಂದರು; ಮದುವೆಯ ಸುದ್ದಿಯನ್ನು ಕಾವಲಿನವರೇ ಅವಳಿಗೆ ಹೇಳಿದ್ದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ಮೊದಲು ನೋಡಿದ್ದು ಮಗನನ್ನಲ್ಲ, ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಹುಡುಗಿಯನ್ನು, ಸೂಲಗಿತ್ತಿಯ ಕಣ್ಣಿನಿಂದ.

“ತಾಯಿಯ ಹಾಗೇ ಸೊಂಟ ಕಿರಿದು ಕಣೋ,” ಎಂದಳು. “ಈಗಲೇ ಮದುವೆ ಬೇಡ ಅಂತ ಯಾರಾದ್ರೂ ರಾಜನಿಗೆ ಹೇಳಬೇಕಿತ್ತು.”

“ಒಂದೇ ವರ ಇದ್ದದ್ದಮ್ಮ,” ಎಂದ ಬತ್ತೋಸ್, ಅವಳ ಕೈ ಹಿಡಿದು ಮೆಟ್ಟಿಲಿಳಿಸುತ್ತ.