ತಿದ್ದಿದ ಮಣ್ಣೆತ್ತು

ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಮಠ. ಅಲ್ಲಿನ ವಯಸ್ಸಾದ ಗುರುಗಳನ್ನು ಊರವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಅವರ ಶಿಷ್ಯ ಅಡಿವೆಯ್ಯನೂ ಹಾಗೆಯೇ ಕರೆಯುತ್ತಿದ್ದ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ಹಸಿಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಸುಟ್ಟ ಮಣ್ಣಲ್ಲ, ಹಸಿಮಣ್ಣು. ಅದಕ್ಕೇ ನೀರು ತಾಗಿದರೆ ಕರಗುತ್ತದೆ.

"ಈ ಸಲ ಊರಿನ ಸಣ್ಣ ಮಕ್ಕಳು ಮಾಡ್ಲಿ. ನೀ ಮಣ್ಣು ಕಲಸು" ಎಂದರು ಅಜ್ಜಾರು.

ಅಡಿವೆಯ್ಯನ ಕೈಯಲ್ಲಿ ಒಳ್ಳೆಯ ಕಸುಬಿತ್ತು. ಅವನು ಮಾಡಿದ ಎತ್ತು ಇನ್ನೇನು ಬಾಲ ಬೀಸುತ್ತದೆ ಅನ್ನಿಸುತ್ತಿತ್ತು. ಮಕ್ಕಳದು ಹಾಗಿರಲಿಲ್ಲ. ಐದು ವರ್ಷದ ಫಕೀರವ್ವ ಮಾಡಿದ ಎತ್ತಿಗೆ ಮೈಗಿಂತ ಕೋಡೇ ದೊಡ್ಡವು.

"ಇದ್ಯಾಕ ಹಿಂಗ?" ಎಂದು ಅಡಿವೆಯ್ಯ ಕೇಳಿದ.

"ಅದು ಸಿಟ್ಟಿನ ಎತ್ತು. ಹತ್ರ ಬರಬ್ಯಾಡ, ಹಾಯತೈತಿ" ಎಂದಳು ಫಕೀರವ್ವ.

ಮಕ್ಕಳು ಬುತ್ತಿ ತಿನ್ನಲು ಹೋದರು. ಅಷ್ಟರಲ್ಲಿ ಅಡಿವೆಯ್ಯ ಎಲ್ಲ ಎತ್ತುಗಳನ್ನೂ ತಿದ್ದಿಬಿಟ್ಟ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಇದನ್ನು ಹೇಳಲೇಬೇಕು. ಪೂಜೆಗೆ ಬಂದವರು ಮಕ್ಕಳನ್ನು ನೋಡಿ ನಗಬಾರದು ಎಂಬುದಷ್ಟೇ ಅವನ ಆಸೆ.

ತಾಯಂದಿರು ಕಾಯಿ, ಹೂವು ಹಿಡಿದು ಬಂದರು. ಸಾಲಾಗಿ ನಿಂತ ಎತ್ತುಗಳನ್ನು ನೋಡಿ ಬೆರಗಾದರು.

"ನೀ ಮಾಡಿದ್ದು ಯಾವುದವ್ವಾ?" ಎಂದು ಫಕೀರವ್ವನ ತಾಯಿ ಕೇಳಿದಳು.

ಫಕೀರವ್ವ ಸಾಲಿನ ಆ ತುದಿಯಿಂದ ಈ ತುದಿಗೆ ನೋಡಿದಳು. "ನಂದು ಇಲ್ಲ."

"ಇದ ನಿಂದು" ಎಂದು ಅಡಿವೆಯ್ಯ ಒಂದು ಚೆಂದದ ಎತ್ತನ್ನು ತೋರಿಸಿದ.

"ಇದಕ್ಕ ಸಿಟ್ಟ ಇಲ್ಲ."

ತಾಯಿ ನಗುತ್ತ ಒಂದು ಹಿಡಿ ಮಣ್ಣು ಕೊಟ್ಟಳು. "ಹಂಗಾರ ಇನ್ನೊಂದು ಮಾಡು."

ಫಕೀರವ್ವ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕುಳಿತಳು. "ಅಣ್ಣ ಮಾಡ್ಲಿ. ನನಗ ಬರೂದಿಲ್ಲ."

ಬೆಳಿಗ್ಗೆ ಮೂಗು ಒರೆಸಿಕೊಳ್ಳಲೂ ಮಣ್ಣು ಬಿಡದಿದ್ದ ಹುಡುಗಿ ಅವಳು. ಬರುವುದಿಲ್ಲ ಎಂಬ ಮಾತನ್ನು ಅವಳು ಆಡಿದ್ದು ಅದೇ ಮೊದಲು.

ಅಜ್ಜಾರು ಎದ್ದರು. ಪೂಜೆಗೆಂದು ತುಂಬಿಟ್ಟಿದ್ದ ಕೊಡ ಎತ್ತಿ, ಅಷ್ಟೂ ನೀರನ್ನು ಎತ್ತುಗಳ ಮೇಲೆ ಸುರಿದುಬಿಟ್ಟರು.

ಕೋಡು ಜಾರಿದವು. ಬೆನ್ನು ಕುಸಿದವು. ಕಾಯಿ ಹಿಡಿದ ಕೈಗಳು ಹಿಡಿದಲ್ಲೇ ನಿಂತವು.

ಕಡೆಗೆ ಒಬ್ಬ ಮುದುಕಿ ಮೆಲ್ಲಗೆ ಅಂದಳು: "ಅಜ್ಜಾರ, ಪೂಜಿ ಎತ್ತರೀ ಅವು."

"ಎಲ್ಲಾ ಒಂದ ಕೈಯವು, ತಾಯಿ. ಮಕ್ಕಳವು ಎಲ್ಲ್ಯದಾವ?" ಎಂದರು ಅಜ್ಜಾರು.

"ತಪ್ಪಾತ್ರಿ. ಪೂಜಿ ಹೊತ್ತು ಮೀರತೈತಿ. ನಾನ ಲಗೂನ ಮಾಡಿಕೊಡ್ತೀನಿ" ಎಂದು ಅಡಿವೆಯ್ಯ ಮಣ್ಣಿಗೆ ಕೈ ಹಾಕಹೋದ.

ಅಜ್ಜಾರು ಹೊಳೆಯಿಂದ ಮತ್ತೆ ಕೊಡ ತುಂಬಿ ತಂದು, ಅವನನ್ನು ಮಕ್ಕಳ ನಡುವೆ ಕೂರಿಸಿ ಅವನ ಎರಡೂ ಕೈಗೆ ಕೊಟ್ಟರು. "ಹಿಡಿ. ಕೆಳಗ ಇಡಬ್ಯಾಡ."

"ಎಷ್ಟೊತ್ತರೀ?"

"ಮಕ್ಕಳು ಮುಗಸೂತನ."

ಕೊಡ ಹಿಡಿದವನು ಮಣ್ಣು ಮುಟ್ಟಲಾರ. ಮಕ್ಕಳು ಕೊಡದ ನೀರಿನಲ್ಲಿ ಕೈ ಅದ್ದಿ ಅದ್ದಿ, ಕರಗಿದ ಮಣ್ಣನ್ನು ಮತ್ತೆ ಕಲಸತೊಡಗಿದರು. ತಾಯಂದಿರು ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಫಕೀರವ್ವ ಮಾತ್ರ ಕುಳಿತೇ ಇದ್ದಳು.

ಬಹಳ ಹೊತ್ತಿನ ಮೇಲೆ ಅವಳು ಎದ್ದು ಬಂದಳು.

"ಅಣ್ಣಾ, ನೀ ಮುಟ್ಟೂದಿಲ್ಲಲ್ಲ?"

"ಹೆಂಗ ಮುಟ್ಟಲವ್ವಾ? ಕೈಯಾಗ ಕೊಡ ಐತಿ."

ಅವಳು ಕೊಡದೊಳಗೆ ಇಣುಕಿದಳು. ಅವನ ಬೆರಳುಗಳನ್ನೂ ನೋಡಿದಳು. ಆಮೇಲೆ ನೀರಿಗೆ ಕೈ ಅದ್ದಿದಳು.

ಅವಳ ಹೊಸ ಎತ್ತು ನಿಂತಿತು. ಆದರೆ ಅದಕ್ಕೆ ಇದ್ದದ್ದು ಮೂರೇ ಕಾಲು. ಆಗಲೇ ಒಂದು ಕಡೆಗೆ ವಾಲುತ್ತಿತ್ತು.

ಅಡಿವೆಯ್ಯನಿಗೆ ತಡೆಯಲಾಗಲಿಲ್ಲ. "ಅಜ್ಜಾರ, ಅದು ಬೀಳತೈತಿ. ಕೈ ಹಚ್ಚೂದಿಲ್ಲ. ಒಂದ ಮಾತರ ಹೇಳಲ್ಯಾ?"

"ಬೀಳ್ಲಿ" ಎಂದರು ಅಜ್ಜಾರು. "ಕಾಲು ಬೇಕಂದ್ರ ಅದ ಅಕೀನ್ನ ಕೇಳತೈತಿ."